ಬಣ್ಣಗಾರನ ಕಿಡ್ನಿ

ಗುಡುಗಮ್ಮನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಬೀದಿಯವರು ಅದನ್ನು ಮರೆತು ಎಷ್ಟೋ ಕಾಲವಾಗಿತ್ತು. ಅವಳು ಹಿತ್ತಲಲ್ಲಿ ನಿಂತು ಗಂಡನನ್ನು ಬೈಯಲು ಶುರು ಮಾಡಿದಳೆಂದರೆ ಎದುರು ಸಾಲಿನ ಕ್ಷೌರಿಕ ಗಿರಾಕಿಯ ಕಿವಿ ಉಳಿಯಲಿ ಎಂದು ಕತ್ತರಿ ಕೆಳಗಿಟ್ಟು, ಅವಳು ಮುಗಿಸುವ ತನಕ ಕಾಯುತ್ತಿದ್ದ. ಹಾಗೆಂದು ಅವಳ ಬಾಯಲ್ಲಿ ಒಂದು ಕೊಳಕು ಮಾತು ಬರುತ್ತಿರಲಿಲ್ಲ. ‘ರೀ’ ಎಂದೇ ಶುರು ಮಾಡಿ, ‘ನೀವು’ ಎಂದೇ ಮುಂದುವರಿಸಿ, ಆ ಮರ್ಯಾದೆಯ ಮಾತುಗಳಲ್ಲೇ ಗಂಡನನ್ನು ಹಿಂಡಿ, ಒದರಿ, ಹಗ್ಗದ ಮೇಲೆ ಒಣಹಾಕುತ್ತಿದ್ದಳು. ಒಣಗಿದ ಮೇಲೆ ಊಟಕ್ಕೆ ಕರೆಯುತ್ತಿದ್ದಳು. ಅವನೂ ಏನೂ ಆಗಿಲ್ಲವೆಂಬಂತೆ ಬಂದು ಕೂರುತ್ತಿದ್ದ.

ಗಂಡ ಬಣ್ಣಗಾರ. ಬಟ್ಟೆಗೆ ಬಣ್ಣ ಹಾಕುವುದು ಅವರ ಮನೆತನದ ಕಸುಬು. ಹಿತ್ತಲಲ್ಲಿ ಸಾಲಾಗಿ ಒಲೆಗಳು, ಒಲೆಗಳ ಮೇಲೆ ಹಂಡೆಗಳು, ಹಂಡೆಯೊಳಗೆ ಬಟ್ಟೆ ತಿರುವುವ ಉದ್ದನೆಯ ಕೋಲುಗಳು. ಬೀದಿಯ ಚರಂಡಿ ಒಂದು ದಿನ ಹಸಿರಾಗಿ ಹರಿದರೆ ಮರುದಿನ ಕೆಂಪಾಗಿ ಹರಿಯುತ್ತಿತ್ತು. ಆ ಮನೆಯಲ್ಲಿ ಸೋಪಿಗೂ ಬಣ್ಣ, ಟವೆಲಿಗೂ ಬಣ್ಣ, ಬೆಕ್ಕಿನ ಬಾಲಕ್ಕೂ ಬಣ್ಣ. ಯಾರ ಕೈ ನೀಲಿಯಾಗಿದ್ದರೂ, ಯಾರ ಮೂಗು ಹಳದಿಯಾಗಿದ್ದರೂ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಅತ್ತೆಯ ಕಣ್ಣಿಗಂತೂ ಪೊರೆ ಬಂದು ಲೋಕವೆಲ್ಲ ಒಂದೇ ಬೂದಿಯಾಗಿತ್ತು. ಆದರೂ ಪ್ರತಿ ಬಟ್ಟೆಯನ್ನೂ ಬೆರಳಲ್ಲಿ ಸವರಿ, “ಸ್ವಲ್ಪ ಗಾಢ ಆಯ್ತು ಕಣೋ,” ಎಂದು ಅಭಿಪ್ರಾಯ ಕೊಡುವುದನ್ನು ಆಕೆ ಬಿಟ್ಟಿರಲಿಲ್ಲ.

ಆ ಮನೆಯಲ್ಲಿ ಬಿಳಿಯಾಗಿ ಉಳಿದಿದ್ದದ್ದು ಒಂದೇ ಒಂದು ವಸ್ತು. ಗುಡುಗಮ್ಮ ಹಟ ಹಿಡಿದು ಹಾಕಿಸಿಕೊಂಡ ಹೊಸ ಕಮೋಡ್. ಅದರ ಹತ್ತಿರ ಬಣ್ಣದ ಬಕೆಟ್ ಸುಳಿಯಕೂಡದು, ಬಣ್ಣದ ಕೈಯನ್ನು ಅಲ್ಲಿ ತೊಳೆಯಕೂಡದು, ಉಳಿದ ಬಣ್ಣವನ್ನು ಸುರಿಯುವುದಂತೂ ಕನಸಲ್ಲೂ ಆಗದ ಮಾತು. ದಿನಾ ಉಜ್ಜಿ ಉಜ್ಜಿ ಅದನ್ನು ಕನ್ನಡಿ ಮಾಡಿಟ್ಟಿದ್ದಳು.

ಅವಳ ಇನ್ನೊಂದು ಕಟ್ಟಪ್ಪಣೆ ನಾಲಿಗೆಯದು. ಬಣ್ಣ ಹಿಡಿಯಲೆಂದು ಹಂಡೆಗೆ ಹಾಕಿದ ಉಪ್ಪು ಸಾಕೋ ಇನ್ನೂ ಬೇಕೋ ಎಂದು ನೋಡಲು ಬಣ್ಣಗಾರ ಕೋಲಿನ ತುದಿಯನ್ನು ನಾಲಿಗೆಗೆ ಮುಟ್ಟಿಸುತ್ತಿದ್ದ. ಅವನಪ್ಪನೂ ಮುಟ್ಟಿಸುತ್ತಿದ್ದ. ಆದರೆ ಆ ಕಾಲದ ಬಣ್ಣ ತೊಗಟೆಯದು, ಬೇರಿನದು. ಈಗಿನ ಪೊಟ್ಟಣಗಳ ಮೇಲೆ ತಲೆಬುರುಡೆಯ ಚಿತ್ರ ಇರುತ್ತದೆ. ಆ ಚಿತ್ರ ನೋಡಿದ ದಿನವೇ ಗುಡುಗಮ್ಮ ಗಂಡನಿಂದ ಅವನ ತಾಯಿಯ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದಳು. ಅವನು ಆಣೆ ಹಾಕಿದ. ಆಮೇಲೆ ಅವಳು ಆ ಕಡೆ ತಿರುಗಿದಾಗ ಮಾತ್ರ ನೆಕ್ಕುತ್ತಿದ್ದ. ಈ ಸಂಗತಿ ಅವಳಿಗೆ ಗೊತ್ತಾಗಬಾರದ ರೀತಿಯಲ್ಲಿ ಗೊತ್ತಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಎಲ್ಲಕ್ಕೂ ಮೂಲ ಒಂದು ಪರದೆ. ನಾಟಕಶಾಲೆಯ ಮ್ಯಾನೇಜರು ಹೊಸ ಪರದೆಗೆ ಸಮುದ್ರದ ನೀಲಿ ಬೇಕೆಂದಿದ್ದ. ಬಣ್ಣಗಾರ ಒಂದೊಂದೇ ತುಂಡು ಬಣ್ಣ ಹಾಕಿ ಒಯ್ದು ತೋರಿಸಿದರೆ ಆ ಮಹಾರಾಯ ಮೂಗು ಮುರಿಯುತ್ತಿದ್ದ. ಇದು ಆಕಾಶ ಎಂದ. ಇದು ಶಾಯಿ ಎಂದ. ಒಂದನ್ನಂತೂ ಪೊಲೀಸ್ ವ್ಯಾನಿನ ಬಣ್ಣ ಎಂದುಬಿಟ್ಟ. ಬಣ್ಣಗಾರನಿಗೆ ಅನ್ನ ಸೇರದಾಯಿತು. ಒಂದು ಬೆಳಿಗ್ಗೆ ಬಟ್ಟೆಯ ತುಂಡುಗಳನ್ನು ಹೆಗಲಿಗೆ ಹಾಕಿಕೊಂಡು ನೇರ ಸಮುದ್ರಕ್ಕೇ ಹೋದ, ಸೊಂಟದ ತನಕ ನೀರಿಗಿಳಿದು ಅಲೆಯ ಪಕ್ಕ ತುಂಡು ಹಿಡಿದು ನೋಡಲು.

ಸ್ವಲ್ಪ ಹೊತ್ತಿಗೆ ಒಬ್ಬ ಮೀನುಗಾರ ಅವನನ್ನು ತನ್ನ ತಳ್ಳುಗಾಡಿಯಲ್ಲಿ ಹಾಕಿಕೊಂಡು ಮನೆಗೆ ತಂದ. ಬಲಗೈ ಬೆರಳಿನಿಂದ ಭುಜದ ತನಕ, ಅಲ್ಲಿಂದ ಎದೆಯ ಮೇಲೆ, ಚಾಟಿಯಲ್ಲಿ ಬಾರಿಸಿದಂತೆ ಕೆಂಪು ಬಾಸುಂಡೆಗಳು. ಬಣ್ಣಗಾರ ಹಲ್ಲು ಕಚ್ಚಿಕೊಂಡು ಕೂತಿದ್ದ.

“ಅಕ್ಕಾ, ನೀಲಿ ಗುಳ್ಳೆ ಕಡಿದಿದೆ,” ಎಂದ ಮೀನುಗಾರ. “ನೀರ ಮೇಲೆ ಬಲೂನಿನ ಹಾಗೆ ತೇಲ್ಕೊಂಡು ಬರತ್ತಲ್ಲ, ಕೆಳಗೆ ಉದ್ದುದ್ದ ದಾರ ಬಿಟ್ಕೊಂಡು. ಆ ದಾರದ ತುಂಬ ವಿಷ. ನಮ್ಮೋರು ಅದನ್ನ ಕಂಡ್ರೆ ದೂರ ಓಡ್ತೀವಿ. ಇವ್ರು ಕೈ ಹಾಕಿ ಎತ್ಕೊಂಡು ಎದೆಗೆ ಅವಚ್ಕೊಂಡಿದ್ರು!”

ಗುಡುಗಮ್ಮ ಗಂಡನ ಮುಖ ನೋಡಿದಳು. “ಯಾಕ್ರೀ?”

“ಅದೇ ನೀಲಿ ಕಣೇ,” ಎಂದ ಬಣ್ಣಗಾರ. ಅಂಥ ನೋವಿನಲ್ಲೂ ಅವನ ಕಣ್ಣು ಮಿನುಗುತ್ತಿತ್ತು. “ಅಂಚಿಗೆ ಚೂರು ನೇರಳೆ. ಒಳಗಿಂದ ಬೆಳಕು. ಅವನು ಕೇಳಿದ್ದು ಅದೇ ನೀಲಿ. ಮನೆಗೆ ತಂದು ಪಕ್ಕದಲ್ಲಿಟ್ಕೊಂಡು ಬಣ್ಣ ಹಾಕೋಣ ಅಂತ...”

ಮೀನುಗಾರ ದಾರಗಳನ್ನೆಲ್ಲ ಆಗಲೇ ಕಿತ್ತು ಸಮುದ್ರದ ನೀರಲ್ಲಿ ತೊಳೆದಿದ್ದ. ಯಾವುದಕ್ಕೂ ಒಮ್ಮೆ ಡಾಕ್ಟರಿಗೆ ತೋರಿಸಿ ಎಂದು ಹೇಳಿದ. ಆದರೆ ಅಷ್ಟರಲ್ಲಿ ಗುಡುಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಯಾಗಿತ್ತು. “ರೀ, ಹಾವು ಕಂಡ್ರೂ ಬಣ್ಣ ಚೆನ್ನಾಗಿದೆ ಅಂತ ಕೊರಳಿಗೆ ಸುತ್ಕೋತೀರಾ ನೀವು?” ಎಂದು ಶುರುವಾದ ಮಂಗಳಾರತಿ ಮುಗಿಯುವ ಹೊತ್ತಿಗೆ ಮೀನುಗಾರ ಗಾಡಿ ಸಮೇತ ಮಾಯವಾಗಿದ್ದ, ಡಾಕ್ಟರಿಗೆ ತೋರಿಸುವ ಮಾತೂ ಅವನೊಂದಿಗೇ ಹೋಗಿತ್ತು. ಬಾಸುಂಡೆಗೆ ಮುಲಾಮು ಹಚ್ಚಿ ಅವಳು ಗಂಡನನ್ನು ಮಲಗಿಸಿದಳು.

ಮರುದಿನ ಬೆಳಿಗ್ಗೆ ಕಮೋಡ್ ಉಜ್ಜಲು ಹೋದವಳು ಬ್ರಷ್ ಹಿಡಿದು ಅಲ್ಲೇ ನಿಂತಳು. ಬಿಳಿ ಅಂಚಿನ ಮೇಲೆ, ಒಳಗಿನ ನೀರಿನಲ್ಲಿ, ಗಾಢ ಕಂದು ಬಣ್ಣ. ಸೋಫಾ ಮಾಡುವವನ ಬಟ್ಟೆಗೆಂದು ಹಿತ್ತಲಲ್ಲಿ ಕಾಸಿಟ್ಟಿದ್ದ ಕಂದು ಹಂಡೆಯದ್ದೇ ಬಣ್ಣ, ಅನುಮಾನವೇ ಇಲ್ಲ.

“ರೀ! ಇಲ್ಲಿ ಬನ್ನಿ!”

ಬಣ್ಣಗಾರ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತ. ಕಮೋಡ್ ನೋಡಿದ. ಹೆಂಡತಿಯ ಮುಖ ನೋಡಿದ. ಅವನ ಮುಖ ಕಪ್ಪಿಟ್ಟಿತು.

“ಕಂದು ಹಂಡೆ ಇಲ್ಲಿ ಸುರಿದದ್ದು ಯಾರು?”

“ನಾನೇ,” ಎಂದ ಅವನು, ತಡಮಾಡದೆ.

“ಯಾಕೆ?”

“ಬಣ್ಣ ಸರಿ ಬಂದಿರ್ಲಿಲ್ಲ. ಹಿತ್ತಲ ತನಕ ಹೋಗಕ್ಕೆ ಆಗ್ಲಿಲ್ಲ. ಅದಕ್ಕೇ ಇಲ್ಲೇ...”

ಹಿತ್ತಲಲ್ಲಿರುವ ಹಂಡೆಯ ಬಣ್ಣವನ್ನು ಹಿತ್ತಲ ತನಕ ಹೋಗಲಾರದೆ ಮನೆಯೊಳಗೆ ತಂದು ಸುರಿದೆ ಎನ್ನುವ ಈ ಸುಳ್ಳಿಗೆ ಕೈಯೂ ಇರಲಿಲ್ಲ, ಕಾಲೂ ಇರಲಿಲ್ಲ. ಬೇರೆ ದಿನವಾಗಿದ್ದರೆ ಗುಡುಗಮ್ಮ ಅದನ್ನು ಅಲ್ಲೇ ಹಿಡಿದು ಜಾಲಾಡಿಸುತ್ತಿದ್ದಳು. ಆದರೆ ಕಮೋಡಿನ ಅವಸ್ಥೆ ನೋಡಿ ಅವಳ ತಲೆ ಕೆಟ್ಟುಹೋಗಿತ್ತು. ಅವಳು ಬೈದಳು. ಎದುರು ಸಾಲಿನಲ್ಲಿ ಕ್ಷೌರಿಕ ಕತ್ತರಿ ಕೆಳಗಿಟ್ಟ. ಬಣ್ಣಗಾರ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು, ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಅಂದು ಅವನು ಊಟಕ್ಕೆ ಬರಲಿಲ್ಲ. ಮುನಿಸು ಎಂದುಕೊಂಡಳು. ಸೊಂಟ ನೋವು ಎಂದ, ನೆಪ ಎಂದುಕೊಂಡಳು. ಕಣ್ಣಿನ ಬಿಳಿ ಹಳದಿಯಾಗಿತ್ತು. ಮೊನ್ನೆ ಹಳದಿ ಪುಡಿ ಜರಡಿ ಹಿಡಿದಿದ್ದನಲ್ಲ, ಅದೇ ಇರಬೇಕು, ಕಣ್ಣು ತೊಳೆದುಕೊಳ್ಳಲೂ ಸೋಮಾರಿತನ ಎಂದುಕೊಂಡಳು. ಅತ್ತೆ ಮಾತ್ರ ಮಗನ ಮಂಚದ ಪಕ್ಕ ಕೂತು, “ಇವನ ದನಿ ಬಿದ್ದಿದೆ ಕಣೇ, ನನಗ್ಯಾಕೋ ಸರಿ ಕಾಣ್ತಿಲ್ಲ,” ಎಂದಳು. ನಿಮಗೆ ಏನು ತಾನೇ ಕಾಣುತ್ತದೆ ಎಂಬ ಮಾತು ಸೊಸೆಯ ತುಟಿಯ ತನಕ ಬಂದು ನಿಂತಿತು. ಇಷ್ಟೆಲ್ಲ ಬಣ್ಣಗಳನ್ನು ಕಣ್ಣೆದುರೇ ಇಟ್ಟುಕೊಂಡು ಅವಳು ಎರಡು ದಿನ ಗಂಡನ ಮೇಲೆ ಸಿಟ್ಟಿನಲ್ಲಿ ಓಡಾಡಿದಳು.

ಮೂರನೆಯ ದಿನ ಸೋಫಾದವನು ತನ್ನ ವ್ಯಾನಿನಲ್ಲಿ ಬಂದ. ತನ್ನ ಬಟ್ಟೆಗೆ ಬಣ್ಣ ಆಯಿತೇ ಎಂದು ಕೇಳಿದ.

“ಎಲ್ಲಿ ಆಗತ್ತೆ? ನಮ್ಮನೇಲಿರೋ ಮಹಾನುಭಾವರು ನಿಮ್ಮ ಕಂದನ್ನೆಲ್ಲ ನನ್ನ ಕಮೋಡಿಗೆ ಸುರಿದು ಮಲಗಿದಾರೆ,” ಎಂದಳು ಗುಡುಗಮ್ಮ. “ನಂಬಲ್ವಾ? ಬನ್ನಿ, ಖಾಲಿ ಹಂಡೆ ತೋರಿಸ್ತೀನಿ. ನಾನು ಎಂಥವರ ಜೊತೆ ಬಾಳ್ತಿದೀನಿ ಅಂತ ನಿಮಗೂ ಗೊತ್ತಾಗ್ಲಿ.”

ಹಿತ್ತಲಿಗೆ ಕರೆದೊಯ್ದು ಕಂದು ಹಂಡೆಯ ಮುಚ್ಚಳ ಎತ್ತಿದಳು. ಹಂಡೆ ಕಂಠಪೂರ್ತಿ ತುಂಬಿತ್ತು.

“ತುಂಬಿದೆಯಲ್ಲಮ್ಮ!” ಎಂದು ಸೋಫಾದವನು ಸಂತೋಷಪಟ್ಟ.

ಗುಡುಗಮ್ಮ ಮುಚ್ಚಳ ಹಿಡಿದುಕೊಂಡೇ ನಿಂತಳು. ಹಂಡೆ ತುಂಬಿದೆ. ಯಾರೂ ಸುರಿದಿಲ್ಲ. ಹಾಗಾದರೆ ಕಮೋಡಿನಲ್ಲಿದ್ದ ಕಂದು ಎಲ್ಲಿಂದ ಬಂತು? ಗಂಡನ ಮೈಯಿಂದಲೇ ಎಂದು ಹೊಳೆಯಿತು. ಮುಚ್ಚಳ ಕೈಜಾರಿ ಬಿತ್ತು. ಅವಳು ಒಳಗೆ ಓಡಿದಳು.

“ರೀ, ಹಂಡೆ ತುಂಬಿದೆ.”

ಬಣ್ಣಗಾರ ಕಣ್ಣು ಮುಚ್ಚಿಕೊಂಡ. ಕಳ್ಳತನ ಸಿಕ್ಕಿಬಿದ್ದ ಮೇಲೆ ಬರುವ ಒಂದು ರೀತಿಯ ನೆಮ್ಮದಿ ಅವನ ಮುಖದಲ್ಲಿತ್ತು. “ನೆಕ್ಕಿದೆ ಕಣೇ,” ಎಂದ. “ಆಣೆ ಹಾಕಿದ ಮೇಲೂ ನೆಕ್ತಿದ್ದೆ. ಆ ಬಣ್ಣ ಎಲ್ಲ ಒಳಗೆ ಸೇರ್ಕೊಂಡು ಈಗ ಹೊರಗೆ ಬರ್ತಿದೆ. ನಿನಗೆ ಗೊತ್ತಾದ್ರೆ ಬೈತೀಯಾ ಅಂತ... ಆದ್ರೆ ಹೆದರ್ಬೇಡ, ಈಗ ಸರಿಹೋಯ್ತು. ನಿಂತಿದೆ.”

“ನಿಂತಿದೆ ಅಂದ್ರೆ?”

“ನಿನ್ನೆ ಬೆಳಿಗ್ಗೆಯಿಂದ ಉಚ್ಚೆ ಬಂದೇ ಇಲ್ಲ,” ಎಂದ ಅವನು, ಒಳ್ಳೆಯ ಸುದ್ದಿ ಹೇಳುವವನಂತೆ.

ಸೋಫಾದವನು ಒಳ್ಳೆಯ ಮನುಷ್ಯ. ಬಣ್ಣಗಾರನನ್ನು ವ್ಯಾನಿನಲ್ಲಿದ್ದ, ಇನ್ನೂ ಬಟ್ಟೆ ಹೊದಿಸದ ಸೋಫಾದ ಮೇಲೆಯೇ ಮಲಗಿಸಿಕೊಂಡು ಹೊರಟ. ಆಸ್ಪತ್ರೆಯಲ್ಲಿ ಸ್ಟ್ರೆಚರ್ ಬರುವುದು ತಡವಾದದ್ದರಿಂದ ಅದೇ ಸೋಫಾವನ್ನು ಎತ್ತಿಕೊಂಡು ಒಳಗೆ ಹೋದರು. ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಅದು ಆಸ್ಪತ್ರೆಗೆ ಯಾರೋ ಕೊಟ್ಟ ದಾನವೆಂದು ತಿಳಿದು, “ಮೇಲಿನ ಮಹಡಿಗೆ,” ಎಂದ. ದಾನದ ಮೇಲೆ ಮಲಗಿದ್ದ ಮನುಷ್ಯ ವಾಂತಿ ಮಾಡಿಕೊಂಡ ಮೇಲಷ್ಟೇ ಎಲ್ಲರೂ ಓಡಿ ಬಂದರು.

ಡಾಕ್ಟರಮ್ಮನಿಗೆ ವಯಸ್ಸು ಚಿಕ್ಕದು, ಮಾತು ನೇರ. ಬಾಸುಂಡೆ ನೋಡಿದರು, ಕಣ್ಣಿನ ಹಳದಿ ನೋಡಿದರು, ರಕ್ತ ತೆಗೆಸಿದರು, ಸಣ್ಣ ಕೊಳವೆ ಹಾಕಿಸಿ ಒಳಗುಳಿದಿದ್ದ ನಾಲ್ಕು ಹನಿ ಮೂತ್ರ ತೆಗೆಸಿದರು. ಆಮೇಲೆ ಗುಡುಗಮ್ಮನನ್ನು ಕೂರಿಸಿಕೊಂಡು ಹೇಳಿದರು.

“ಇದು ಬಣ್ಣದ್ದಲ್ಲಮ್ಮ. ನೆಕ್ಕಿದ್ದಕ್ಕೆ ಬೇರೆ ದಿನ ಬೈಯೋಣ. ಇದು ಆ ನೀಲಿ ಗುಳ್ಳೆಯ ವಿಷ. ವಿಷ ರಕ್ತಕ್ಕೆ ಸೇರಿ ಅದರಲ್ಲಿರೋ ಕೆಂಪು ಕಣಗಳನ್ನ ಒಡೆದು ಹಾಕಿದೆ. ಒಡೆದ ಕಣದ ಕೆಂಪೆಲ್ಲ ಕಿಡ್ನಿಗೆ ಬಂತು. ಮೊದಲು ಮೂತ್ರದಲ್ಲಿ ಕಂದಾಗಿ ಹೋಯ್ತು. ಆಮೇಲೆ ಅಲ್ಲೇ ಕಟ್ಕೊಳ್ತು. ಹೀಗಾಗೋದು ಬಹಳ ಅಪರೂಪ, ಆದ್ರೆ ಇವರಿಗೆ ಆಗಿದೆ.”

ಗುಡುಗಮ್ಮನಿಗೆ ಚೆನ್ನಾಗಿ ಅರ್ಥವಾಯಿತು. ಬಣ್ಣ ಸೋಸುವ ಬಟ್ಟೆಯಲ್ಲಿ ಗಷ್ಟು ಕಟ್ಟಿಕೊಂಡರೆ ಒಂದು ತೊಟ್ಟೂ ಕೆಳಗಿಳಿಯುವುದಿಲ್ಲ. ಬಟ್ಟೆಯಾದರೆ ಬಿಸಾಡಿ ಬೇರೆ ಕಟ್ಟಬಹುದು.

“ಒಂದು ಗುಳ್ಳೆಗೆ ಇಷ್ಟೊಂದು ವಿಷವಾ ಡಾಕ್ಟ್ರೇ?”

“ಅದು ಒಂದು ಪ್ರಾಣಿ ಅಲ್ಲಮ್ಮ. ಬಹಳ ಪ್ರಾಣಿಗಳು ಸೇರಿ ಒಂದಾಗಿರೋದು. ಒಂದು ತೇಲಿಸತ್ತೆ, ಒಂದು ಕಡಿಯತ್ತೆ, ಒಂದು ತಿನ್ನತ್ತೆ.”

“ಅವಿಭಕ್ತ ಕುಟುಂಬ ಅನ್ನಿ,” ಎಂದು ಅತ್ತೆ ಬೆಂಚಿನ ತುದಿಯಿಂದ ಹೇಳಿದಳು. ಕಡಿಯುವವಳು ಯಾರು ಎಂದು ಆಕೆ ಹೇಳಲಿಲ್ಲ. ಗುಡುಗಮ್ಮನಿಗೆ ಅದೂ ಅರ್ಥವಾಯಿತು.

ಅಲ್ಲಿಂದ ಅವಳಿಗೆ ಏನೋ ಆಯಿತು. ಗಂಡ ತನ್ನ ಕಮೋಡಿನಲ್ಲಿ ರಕ್ತ ಸುರಿಸಿಕೊಂಡು, ಹೆಂಡತಿ ಬೈಯುತ್ತಾಳೆಂಬ ಭಯಕ್ಕೆ ಅದನ್ನು ಬಣ್ಣ ಎಂದಿದ್ದ. ಅವಳು ಆ ರಕ್ತವನ್ನು ಬ್ರಷ್ ಹಾಕಿ ಉಜ್ಜಿದ್ದಳು. ತನ್ನ ಬಾಯಿಯೇ ಗಂಡನನ್ನು ಕೊಲ್ಲಲು ಹೊರಟಿತು ಎಂದು ಅವಳಿಗೆ ಖಚಿತವಾಯಿತು. ಇನ್ನು ಜೀವ ಹೋದರೂ ಇವರಿಗೆ ಒಂದು ಗಡುಸು ಮಾತು ಆಡುವುದಿಲ್ಲ ಎಂದು ಅಲ್ಲೇ ತೀರ್ಮಾನ ಮಾಡಿದಳು.

ತೀರ್ಮಾನವನ್ನು ಅವಳು ಪಾಲಿಸಿದಳು. ವಾರ್ಡಿನಲ್ಲಿ ಬಣ್ಣಗಾರ ಬಾಟಲಿಗಳ ಕೆಳಗೆ ಮಲಗಿದ್ದ. ಒಂದು ಕೊಳವೆಯಲ್ಲಿ ರಕ್ತ, ಇನ್ನೊಂದರಲ್ಲಿ ನೀರು. ಮಂಚದ ಕೆಳಗೆ ನೇತಾಡುತ್ತಿದ್ದ ಮೂತ್ರದ ಚೀಲ ಹೆಚ್ಚುಕಡಿಮೆ ಬರಿದು. ನರ್ಸು ಬಂದು ಚೀಲದ ತಳದಲ್ಲಿದ್ದ ಚೂರು ನೀರನ್ನು ನೋಡಿ ಹಾಳೆಯಲ್ಲಿ ‘ಕಂದು’ ಎಂದು ಬರೆದಳು.

“ಕಂದು ಅಲ್ಲ ಸಿಸ್ಟರ್,” ಎಂದ ಬಣ್ಣಗಾರ ಕ್ಷೀಣವಾಗಿ. “ಅದು ಹೆಚ್ಚು ಬೆಂದ ಮರೂನು. ಕಂದಿನಲ್ಲಿ ಹಳದಿ ಬೆರೆತಿರತ್ತೆ.”

“ಬಣ್ಣ ಇಟ್ಕೊಂಡು ನಾವೇನು ಮಾಡೋಣ ಅಂಕಲ್? ಅಳತೆ ಹೇಳಿ. ಅದೂ ಇಲ್ಲ ನಿಮ್ಮ ಹತ್ರ,” ಎಂದು ನರ್ಸು ಹೋದಳು. ಜೀವಮಾನದಲ್ಲಿ ಮೊದಲ ಸಲ ಬಣ್ಣದ ವಿಷಯದಲ್ಲಿ ಅವನ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ.

ಆಗ ಗುಡುಗಮ್ಮ ಮಂಚದ ಪಕ್ಕ ಬಂದು ಕೂತು ಅವನ ಹಣೆ ಸವರಿದಳು. “ಇರ್ಲಿ ಬಿಡಿ ಚಿನ್ನ. ನೀವು ಹೇಳಿದ್ದೇ ಸರಿ,” ಎಂದಳು.

ಬಣ್ಣಗಾರ ಬೆಚ್ಚಿಬಿದ್ದು ಅವಳನ್ನು ನೋಡಿದ.

“ನನ್ನ ರಾಜ, ನೀವು ಮಲ್ಕೊಳಿ. ಏನೂ ಯೋಚನೆ ಮಾಡ್ಬೇಡಿ,” ಎಂದಳು ಅವಳು ಮೆತ್ತಗೆ.

ಬಡಪಾಯಿ ಆಮೇಲೆ ನಿದ್ದೆ ಮಾಡಲೇ ಇಲ್ಲ, ಛಾವಣಿ ನೋಡುತ್ತ ಬಿದ್ದುಕೊಂಡ.

ಮರುದಿನ ಡಾಕ್ಟರಮ್ಮ ಬಂದು, ಇನ್ನು ಕಾಯುವಂತಿಲ್ಲ ಎಂದರು. ಹೊರಗೆ ಹೋಗಬೇಕಾದ ಉಪ್ಪು, ಕಶ್ಮಲ ಎಲ್ಲ ರಕ್ತದಲ್ಲೇ ಏರುತ್ತಿದೆ. ರಕ್ತವನ್ನು ಮೆಷಿನ್‌ಗೆ ಹರಿಸಿ, ತೊಳೆದು, ವಾಪಸು ಒಳಗೆ ಬಿಡಬೇಕು. ಒಪ್ಪಿಗೆಯ ಸಹಿ ಬೇಕು.

“ಬೇಡ,” ಎಂದ ಬಣ್ಣಗಾರ.

“ಯಾಕೆ?”

“ತೊಳೆದ ಮೇಲೆ ಬಣ್ಣ ಉಳಿಯೋ ವಸ್ತು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ ಡಾಕ್ಟ್ರೇ. ಮೊದಲನೇ ತೊಳೆತಕ್ಕೇ ಬಿಡತ್ತೆ. ಇರೋದೇ ಸ್ವಲ್ಪ ರಕ್ತ, ಅದನ್ನೂ ತೊಳೆದು ಬಿಳಿ ಮಾಡಿದ್ರೆ ನನ್ನ ಹತ್ರ ಏನು ಉಳಿಯತ್ತೆ?”

ಕೆಂಪು ಕಣ ಮೆಷಿನ್ನಿನಲ್ಲಿ ಹೊರಗೆ ಹೋಗುವುದಿಲ್ಲ, ಕಶ್ಮಲ ಮಾತ್ರ ಹೋಗುತ್ತದೆ ಎಂದು ಡಾಕ್ಟರಮ್ಮ ಹೇಳಿದರು, ಚಿತ್ರ ಬರೆದು ತೋರಿಸಿದರು. ಅವನು ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ಬೇಡ ಎಂದ. ಡಾಕ್ಟರಮ್ಮ ಗುಡುಗಮ್ಮನನ್ನು ಹೊರಗೆ ಕರೆದರು. “ಸಂಜೆಯೊಳಗೆ ಒಪ್ಪಿಸಿ. ಆ ಉಪ್ಪು ಇನ್ನೂ ಏರಿದ್ರೆ ಹೃದಯ ನಿಂತುಹೋಗತ್ತೆ. ಬುದ್ಧಿ ಸ್ವಾಧೀನ ಇರೋ ಮನುಷ್ಯನನ್ನ ಕಟ್ಟಿಹಾಕಿ ನಾನು ಮೆಷಿನ್‌ಗೆ ಹಾಕಕ್ಕಾಗಲ್ಲ.”

ಗುಡುಗಮ್ಮ ಒಳಗೆ ಹೋಗಿ ಕೈ ಮುಗಿದಳು. ಕಾಲು ಹಿಡಿದಳು. ಕಣ್ಣೀರು ಹಾಕಿದಳು. “ನನಗೋಸ್ಕರ, ನನ್ನ ಬಂಗಾರ,” ಎಂದಳು. ಅವಳು ಬೇಡಿಕೊಂಡಷ್ಟೂ ಬಣ್ಣಗಾರ ಮಂಚದೊಳಗೆ ಇಳಿದು ಹೋಗುತ್ತಿದ್ದ. ಆಮೇಲೆ ಅವಳ ಕೈ ಹಿಡಿದುಕೊಂಡು ಒಂದೊಂದೇ ಹೇಳತೊಡಗಿದ. ದೊಡ್ಡ ಹಂಡೆಯನ್ನು ಮಾರಬೇಡ. ಒದ್ದೆ ಕಟ್ಟಿಗೆ ಕೊಳ್ಳಬೇಡ. ಅಮ್ಮನ ಕಣ್ಣಿಗೆ ಆಪರೇಷನ್ ಮಾಡಿಸು. ನಾನು ನಿನಗೆ ಹೇಳಿದ ಸುಳ್ಳುಗಳನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಅವಳು ಮುಖ ತೊಳೆದುಕೊಂಡು ಬರಲೆಂದು ಎದ್ದು ಹೋದಳು. ವಾಪಸು ಬರುವಾಗ ಪರದೆಯ ಆ ಕಡೆಯಿಂದ ಗಂಡನ ದನಿ ಕೇಳಿ ನಿಂತಳು.

“ನನ್ನ ಕಥೆ ಮುಗೀತು ಸಿಸ್ಟರ್. ಡಾಕ್ಟ್ರು ಬಾಯಿಬಿಟ್ಟು ಹೇಳ್ತಿಲ್ಲ, ಅಷ್ಟೇ.”

“ಯಾರು ಹೇಳಿದ್ದು ಅಂಕಲ್?”

“ನನ್ನ ಹೆಂಡ್ತಿ ನನ್ನನ್ನ ಚಿನ್ನ ಅಂದ್ಲು.”

“ಅದಕ್ಕೇನೀಗ?”

“ನಿಮಗೆ ಗೊತ್ತಾಗಲ್ಲ. ಅವಳು ಯಾರು ಅಂತ ನಮ್ಮ ಬೀದೀಲಿ ಕೇಳಿ. ನಾನು ನೆಕ್ಕಿದ್ದೀನಿ ಅಂತ ಗೊತ್ತಾದ ಮೇಲೂ ಒಂದು ಮಾತು ಅನ್ನಲಿಲ್ಲ. ಕಾಲು ಬೇರೆ ಹಿಡಿದ್ಲು. ಡಾಕ್ಟ್ರು ಅವಳ ಹತ್ರ ಎಲ್ಲ ಹೇಳಿಬಿಟ್ಟಿದಾರೆ. ಇನ್ನು ಮೆಷಿನ್ ಗಿಷಿನ್ ಅಂತ ನನ್ನನ್ಯಾಕೆ ಗೋಳು ಹೊಯ್ಕೊಳ್ತೀರಾ?”

ಗುಡುಗಮ್ಮ ಪರದೆಯನ್ನು ಸರಕ್ಕನೆ ಎಳೆದಳು.

“ರೀ!”

ಆಸ್ಪತ್ರೆಯ ಗಾಜುಗಳು ನಡುಗಿದವು. ಪಕ್ಕದ ಮಂಚದ ಮುದುಕ ಎದ್ದು ಕೂತ. ನರ್ಸು ಥರ್ಮಾಮೀಟರ್ ಬೀಳಿಸಿದಳು.

“ಸಾಯೋಕೆ ಯಾರನ್ನ ಕೇಳಿದ್ರಿ ನೀವು? ಹಾಂ? ಒಂದು ಬಕೆಟ್ ಎತ್ತಿಡೋಕೆ ನನ್ನ ಕೇಳ್ತೀರಾ, ಒಲೆಗೆ ಕಟ್ಟಿಗೆ ಎಷ್ಟು ಅಂತ ನನ್ನ ಕೇಳ್ತೀರಾ, ಹಾಕ್ಕೊಳ್ಳೋ ಅಂಗಿ ಎಲ್ಲಿದೆ ಅಂತ ನನ್ನ ಕೇಳ್ತೀರಾ, ಸಾಯೋ ವಿಷಯ ಮಾತ್ರ ಒಬ್ಬರೇ ತೀರ್ಮಾನ ಮಾಡ್ಬಿಟ್ರಾ? ಸಮುದ್ರದಲ್ಲಿ ಇಷ್ಟು ನೀರಿದೆ, ಅದರಲ್ಲಿ ಇಷ್ಟು ಮೀನಿದೆ, ಎಲ್ಲ ಬಿಟ್ಟು ವಿಷದ ಗುಳ್ಳೆಯನ್ನ ಎದೆಗೆ ಅವಚ್ಕೊಂಡ್ರಿ. ಅಮ್ಮನ ತಲೆ ಮುಟ್ಟಿ ಆಣೆ ಹಾಕಿ ಕೋಲು ನೆಕ್ಕಿದ್ರಿ. ರಕ್ತ ಹೋಗ್ತಿದ್ರೆ ಬಣ್ಣ ಸುರಿದೆ ಅಂದ್ರಿ. ನಾನು ಅದನ್ನ ಉಜ್ಜಿದೆ ಕಣ್ರೀ! ಈ ಕೈಯಲ್ಲಿ ಉಜ್ಜಿದೆ! ನನ್ನ ಹತ್ರ ಹೇಳೋಕೆ ಏನಾಗಿತ್ತು ನಿಮಗೆ? ಬೈತೀನಿ ಅಂತಲಾ? ಬೈತೀನಿ! ನಿಮ್ಮನ್ನ ಬಿಟ್ಟು ಇನ್ನು ಯಾರಿಗೆ ಬೈಲಿ ನಾನು, ಆ ಕ್ಷೌರಿಕನಿಗಾ? ರಕ್ತ ತೊಳೆದ್ರೆ ಬಿಳಿ ಆಗತ್ತಂತೆ! ಆಗ್ಲಿ! ಬಿಳಿ ರಕ್ತ ಇಟ್ಕೊಂಡೇ ಮನೆಗೆ ಬನ್ನಿ, ನಾನು ಸಂಸಾರ ಮಾಡ್ತೀನಿ. ಬರದೆ ಇದ್ರೆ ಮಾತ್ರ ನಿಮ್ಮನ್ನ ಸುಮ್ನೆ ಬಿಡಲ್ಲ!”

ಉಸಿರು ಸಾಲದೆ ನಿಲ್ಲಿಸಿದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಬಣ್ಣಗಾರನ ಹಳದಿ ಮುಖದಲ್ಲಿ ಮೆಲ್ಲಗೆ ಜೀವ ಬಂತು. ಕತ್ತು ಎತ್ತಿ ಅವಳನ್ನು ದಿಟ್ಟಿಸಿ ನೋಡಿದ. “ಹಾಗಾದ್ರೆ ಡಾಕ್ಟ್ರು ಆಸೆ ಬಿಟ್ಟಿಲ್ವಾ?” ಎಂದು ಕೇಳಿದ.

“ಅವರು ಬಿಟ್ರೂ ನಾನು ಬಿಡಲ್ಲ. ಸಹಿ ಹಾಕ್ರೀ!”

ಅವನು ಸಹಿ ಹಾಕಿದ. ಪಕ್ಕದ ಮಂಚದ ಮುದುಕ, ಎಷ್ಟೋ ದಿನದಿಂದ ಒಂದು ಇಂಜೆಕ್ಷನ್ ಬೇಡವೆನ್ನುತ್ತಿದ್ದವನು, ತಾನೂ ಅಂಗಿಯ ತೋಳು ಮಡಚಿ ಕೈ ಚಾಚಿದ.

ಮೆಷಿನ್ನಿನ ಕೋಣೆಯಲ್ಲಿ ಗುಡುಗಮ್ಮ ಗಂಡನ ರಕ್ತ ಕೊಳವೆಯಲ್ಲಿ ಸುತ್ತಿ ಬರುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಅವಳಿಗೆ ಜೀವ ಹೋಗುವಷ್ಟು ಭಯವಾಗಿತ್ತು. ಹೋಗುವಾಗ ಕೆಂಪಾಗಿದ್ದದ್ದು ಬರುವಾಗಲೂ ಕೆಂಪಾಗಿಯೇ ಬಂತು. “ಬಿಡ್ತಿಲ್ಲ ಕಣೇ,” ಎಂದ ಬಣ್ಣಗಾರ ವೃತ್ತಿಯ ಗೌರವದಿಂದ. “ಗಟ್ಟಿ ಬಣ್ಣ.”

ಅವನಿಗೆ ಹಸಿವೆ ಬಂತು, ಕಣ್ಣಿನ ಹಳದಿ ತೆಳುವಾಯಿತು. ಆದರೆ ಚೀಲ ಬರಿದಾಗಿಯೇ ಇತ್ತು. ಕಡೆಗೆ ಆ ಕೊಳವೆಯನ್ನೂ ತೆಗೆದು, ಬಂದರೆ ಬಾಟಲಿಯಲ್ಲಿ ಹಿಡಿಯಿರಿ ಎಂದರು. ಮೆಷಿನ್ನಿಗೆ ಮತ್ತೆ ಮತ್ತೆ ಹೋಗಿ ಬರುವುದಾಯಿತು. ಕಿಡ್ನಿ ತಾನಾಗಿ ಏಳಬಹುದು, ಏಳದೆಯೂ ಇರಬಹುದು, ಏಳದಿದ್ದರೆ ಬದುಕಿರುವ ತನಕ ಈ ಮೆಷಿನ್ನೇ ಗತಿ ಎಂದು ಡಾಕ್ಟರಮ್ಮ ಬಿಚ್ಚಿ ಹೇಳಿದರು. ಆಮೇಲೆ ಇಡೀ ವಾರ್ಡು ಬಣ್ಣಗಾರನ ಮೂತ್ರಕ್ಕಾಗಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿತು. ಕಸ ಗುಡಿಸುವವಳು ಬೆಳಿಗ್ಗೆ ಬಂದವಳೇ, “ಬಂತಾ?” ಎನ್ನುತ್ತಿದ್ದಳು. ಪಕ್ಕದ ಮುದುಕ ನಲ್ಲಿ ಬಿಟ್ಟು ನೀರಿನ ಸದ್ದು ಕೇಳಿಸಿ ನೋಡಿದ. ನಾಟಕಶಾಲೆಯ ಮ್ಯಾನೇಜರು ನೋಡಲು ಬಂದವನು, ಪರದೆಗೆ ಕೆಂಪೇ ಇರಲಿ, ನೀಲಿಯ ಸಹವಾಸ ಬೇಡ ಎಂದು ಹೇಳಿ, ಹೋಗುವಾಗ ಅವನೂ ಮೆಲ್ಲಗೆ ಬಾಟಲಿಯ ಕಡೆ ಒಮ್ಮೆ ಬಗ್ಗಿ ನೋಡಿದ. ಅತ್ತೆ ಮಾತ್ರ ಒಳಗೆ ಬರುತ್ತಿರಲಿಲ್ಲ. ಕೊಳವೆ ಚುಚ್ಚಿಸಿಕೊಂಡ ಮಗನ ಕೈಯನ್ನು ಒಮ್ಮೆ ಮುಟ್ಟಿ ನೋಡಿದವಳು ಇನ್ನು ತನ್ನಿಂದಾಗದು ಎಂದು ಹೊರಗಿನ ಓಣಿಯ ಬೆಂಚಿಗೆ ಅಂಟಿಕೊಂಡಿದ್ದಳು.

ಒಂದು ಮಧ್ಯಾಹ್ನ ಬಣ್ಣಗಾರ ತಟ್ಟೆಯಲ್ಲಿದ್ದ ಊಟ ಬಿಟ್ಟು ನೆಟ್ಟಗೆ ಕೂತ.

“ಏನ್ರೀ?”

“ಬಾಟಲಿ ಕೊಡು. ಆ ಕಡೆ ಹೋಗು.”

ಗುಡುಗಮ್ಮ ಬಾಟಲಿ ಕೊಟ್ಟು ಪರದೆ ಎಳೆದು ಹೊರಗೆ ನಿಂತಳು. ಮುದುಕ ಕೆಮ್ಮು ತಡೆದುಕೊಂಡ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಹನಿ ಬಿದ್ದ ಸದ್ದು. ಆಮೇಲೆ ನಾಲ್ಕು. ಆಮೇಲೆ ಸಣ್ಣಗೆ ಧಾರೆ.

“ಕೇಳ್ತಿದೀಯಾ?” ಎಂದ ಬಣ್ಣಗಾರ ಒಳಗಿನಿಂದ.

“ಕೇಳ್ತಿದೀನಿ. ನಿಲ್ಲಿಸ್ಬೇಡಿ.”

ನರ್ಸು ಅಳತೆಯ ಪಾತ್ರೆ ಹಿಡಿದು ಓಡಿ ಬರುವಷ್ಟರಲ್ಲಿ ಗುಡುಗಮ್ಮ ಪರದೆಯ ಒಳಗೆ ಕೈ ಹಾಕಿ ಬಾಟಲಿ ತೆಗೆದುಕೊಂಡಾಗಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡಳು. ಒಣಹುಲ್ಲಿನಂಥ ತಿಳಿ ಹಳದಿ ನೀರು ಅದರ ಕಾಲು ಭಾಗ ತುಂಬಿತ್ತು.

“ಅಮ್ಮಾ, ಕೊಡಿ. ಅಳತೆ ಬರೀಬೇಕು.”

“ತಡೀರಿ ಸಿಸ್ಟರ್. ಒಂದೇ ನಿಮಿಷ.”

ಕೊಡಲಿಲ್ಲ. ಒಂದು ಹನಿಯೂ ತುಳುಕದ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ವಾರ್ಡು ದಾಟಿ ಓಣಿಗೆ ಬಂದಳು. ಎದುರು ಬಂದವರು ದಾರಿ ಬಿಟ್ಟರು. ನರ್ಸು ಪಾತ್ರೆ ಹಿಡಿದು ಹಿಂದೆಯೇ ಬಂದಳು. ಬೆಂಚಿನ ಮುಂದೆ ಗುಡುಗಮ್ಮ ಮೊಣಕಾಲೂರಿ ಕೂತಳು.

“ಅತ್ತೆ, ನೋಡಿ.”

“ನನಗೇನು ಕಾಣತ್ತೆ? ಏನದು?”

ಗುಡುಗಮ್ಮ ಹೇಳಲು ಬಾಯಿ ತೆರೆದಳು. ಬೀದಿಯನ್ನೇ ನಡುಗಿಸುತ್ತಿದ್ದ ಆ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಅವಳು ಅತ್ತೆಯ ಕೈಗಳನ್ನು ಹಿಡಿದು ಬಾಟಲಿಯ ಸುತ್ತ ಇಟ್ಟಳು.

ಮುದುಕಿಯ ಬೆರಳುಗಳು ಗಾಜನ್ನು ಮೇಲಿನಿಂದ ಕೆಳಗೆ ಸವರಿದವು, ಆಮೇಲೆ ಅಲ್ಲೇ ನಿಂತವು.

“ಬೆಚ್ಚಗಿದೆ ಕಣೇ,” ಎಂದಳು.